ಎರಡು ಬಾಗಿಲಿನ ಕಾರು, ನಾಲ್ಕು ಜನರ ಮನೆ: ಜಿಆರ್86 ಜೊತೆ 14 ತಿಂಗಳು

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ನಲವತ್ತಮೂರಕ್ಕೇ ಬಂತಾ?"

ಟೊಯೋಟ ಜಿಆರ್86 ಬುಕ್ ಮಾಡಿ ಬಂದೆ ಅಂದಾಗ ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು ಇನ್ನೂ ಗಟ್ಟಿ. "ಮುಂದಿನ ವರ್ಷ ಮಾವ ಬರ್ತಾರೆ. ಅವರನ್ನ ಡಿಕ್ಕೀಲಿ ಕೂರಿಸ್ತೀರಾ?" ಈ ಕಾರಿನ ಡಿಕ್ಕಿ ಬರೀ 177 ಲೀಟರ್ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ಊರಿಂದ ಅಪ್ಪ ಬಂದರೆ ನಾಲ್ವರು. ಮನೆಯಲ್ಲಿ ಆಗಲೇ ಒಂದು ಮಿನಿವ್ಯಾನ್ ಇದೆ. ಅಕ್ಕಿ ಮೂಟೆಗೆ, ಕನ್ನಡ ಕೂಟದ ಯುಗಾದಿಗೆ, ಏರ್‌ಪೋರ್ಟಿಗೆ ಅದೇ ಹೋಗುತ್ತದೆ. ಎರಡನೇ ಕಾರು ನನ್ನ ಆಫೀಸಿನ ಓಡಾಟಕ್ಕೆ. ಅದು ಲೀಸಿನಲ್ಲಿದ್ದ ಒಂದು ಸೆಡಾನ್. 2022ರಲ್ಲಿ ಲೀಸ್ ಮುಗಿಯಿತು. ಮನೆಯಲ್ಲಿ ಸಂಸಾರಕ್ಕೆ ಒಂದು ಗಾಡಿ ಇರುವಾಗ, ಎರಡನೆಯದು ಬರೀ ಖುಷಿಗೆ ಇರಬಹುದಾ? ನನ್ನ ಪ್ರಕರಣ ಇಷ್ಟೇ. 14 ತಿಂಗಳು, 9,400 ಮೈಲಿ ಓಡಿಸಿದ ಮೇಲೆ ನನ್ನ ಹತ್ತಿರ ಒಂದು ಉತ್ತರ ಇದೆ. ಆದರೆ ಅದು ನಾನು ಅಂದುಕೊಂಡ ದಾರಿಯಲ್ಲಿ ಬರಲಿಲ್ಲ.

ಮೊದಲು ನೋಡಿದ್ದು ಮಜ್ದಾ ಮಿಯಾಟಾ. ಓಡಿಸಿ ಬಂದು ಎರಡು ದಿನ ಅದೇ ಗುಂಗು. ಆದರೆ ಅದಕ್ಕೆ ಹಿಂದಿನ ಸೀಟೇ ಇಲ್ಲ. ಮಗಳನ್ನು ಈಜು ಕ್ಲಾಸಿಗೆ ಬಿಡುವುದು ನನ್ನ ಕೆಲಸ. ಅವಳ ಜೊತೆ ಪಕ್ಕದ ಮನೆ ಹುಡುಗಿಯೂ ಬರುತ್ತಾಳೆ. ಹಾಗಾಗಿ ಮಿಯಾಟಾ ಹೋಯಿತು. ನಿಸಾನ್ ಜಿ಼ಡ್‌ಗೆ 400 ಹಾರ್ಸ್‌ಪವರ್, ಅದಕ್ಕೂ ಎರಡೇ ಸೀಟು, ಬೆಲೆಯೂ ಕೈಗೆ ಎಟುಕುವುದಲ್ಲ. ಫೋರ್ಡ್ ಮಸ್ಟಾಂಗ್ ಚೆನ್ನಾಗಿದೆ, ಆದರೆ ಬಾನೆಟ್ ಎಲ್ಲಿ ಮುಗಿಯುತ್ತದೆ ಅಂತ ನನಗೆ ಕೊನೆವರೆಗೂ ಗೊತ್ತಾಗಲಿಲ್ಲ. ಉಳಿದದ್ದು ಜಿಆರ್86 ಮತ್ತು ಅದರ ಅವಳಿ ಸುಬಾರು ಬಿಆರ್‌ಜ಼ಡ್.

ಅವಳಿ ಅಂದರೆ ನಿಜಕ್ಕೂ ಅವಳಿ. ಎರಡನ್ನೂ ಟೊಯೋಟ, ಸುಬಾರು ಸೇರಿ ಮಾಡಿದ್ದು. ಎರಡೂ ಹುಟ್ಟುವುದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ಮುಖ್ಯ ವ್ಯತ್ಯಾಸ ಇರುವುದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್‌ಗಳಲ್ಲಿ. ಸುಬಾರುವಿಗೆ ಮುಂದಿನ ಸ್ಪ್ರಿಂಗ್ ಗಟ್ಟಿ, ಟೊಯೋಟಕ್ಕೆ ಹಿಂದಿನದು ಗಟ್ಟಿ. ಹಾಗಾಗಿ ಟೊಯೋಟದ ಹಿಂಭಾಗ ತಿರುವಿನಲ್ಲಿ ಸ್ವಲ್ಪ ಬೇಗ ಆಡುತ್ತದೆ. ನನಗೆ ಆ ಚೇಷ್ಟೆ ಬೇಕಿತ್ತು.

86 ಅನ್ನುವ ಹೆಸರಿಗೂ ಒಂದು ಕಥೆ ಇದೆ. 1983ರಿಂದ 87ರವರೆಗೆ ಟೊಯೋಟ ಒಂದು ಪುಟ್ಟ ಕೊರೊಲಾ ಮಾಡುತ್ತಿತ್ತು. ಕಾರ್ಖಾನೆಯ ಒಳಗಿನ ಹೆಸರು ಎಇ86. ಹಗುರ, ಹಿಂದಿನ ಚಕ್ರಕ್ಕೆ ಎಳೆತ, ಬೆಲೆ ಕಮ್ಮಿ. ಜಪಾನಿನ ಬೆಟ್ಟದ ರಸ್ತೆಗಳಲ್ಲಿ ಹುಡುಗರು ಅದಕ್ಕೆ ಮುಗಿಬಿದ್ದರು. ಜಪಾನಿ ಭಾಷೆಯಲ್ಲಿ ಎಂಟು-ಆರು ಅಂದರೆ 'ಹಾಚಿ-ರೋಕು', ಅದೇ ಅಡ್ಡಹೆಸರಾಯಿತು. 2012ರಲ್ಲಿ ಟೊಯೋಟ ಆ ಹೆಸರನ್ನು ಮತ್ತೆ ತಂದಿತು. ಆದರೆ ಅಮೆರಿಕದಲ್ಲಿ ಅದನ್ನು ತನ್ನದೇ ಇನ್ನೊಂದು ಬ್ರ್ಯಾಂಡ್ ಸೈಯಾನ್ ಹೆಸರಲ್ಲಿ, ಸೈಯಾನ್ ಎಫ್ಆರ್-ಎಸ್ ಅಂತ ಮಾರಿತು. ಸೈಯಾನ್ ಬ್ರ್ಯಾಂಡ್ 2016ರಲ್ಲಿ ಬಾಗಿಲು ಹಾಕಿದ ಮೇಲೆ ಇಲ್ಲೂ 86 ಆಯಿತು. ನನ್ನದು ಎರಡನೇ ಪೀಳಿಗೆ, 2021ರಲ್ಲಿ ತೋರಿಸಿ 2022ರ ಮಾಡೆಲ್ ಆಗಿ ಇಲ್ಲಿಗೆ ಬಂದದ್ದು. ಭಾರತದಲ್ಲಿ ಇದನ್ನು ಟೊಯೋಟ ಮಾರುವುದಿಲ್ಲ.

ಕೊಳ್ಳುವುದು ಮಾತ್ರ ದೊಡ್ಡ ತಲೆನೋವು. 2022ರ ಬೇಸ್ ಮಾಡೆಲ್ 27,700 ಡಾಲರ್, ಪ್ರೀಮಿಯಂ 30,300. ಸಾಗಣೆಗೆ ಇನ್ನೂ 1,025. ಇದು ಕಾಗದದ ಮೇಲಿನ ಬೆಲೆ. ಆಗ ಚಿಪ್ ಕೊರತೆ, ಕಾರು ಕೊರತೆ. ಮನೆ ಹತ್ತಿರದ ಡೀಲರ್ ಅದರ ಮೇಲೆ 5,000 ಡಾಲರ್ ಇಟ್ಟರು. "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಅಂದರು. ನಮ್ಮೂರಲ್ಲಿ ಸಿನಿಮಾ ಟಾಕೀಸಿನ ಹೊರಗೆ ನಿಂತು ಟಿಕೆಟ್ ಮಾರುವವರು ಇದಕ್ಕೆ ಬ್ಲಾಕ್ ಅನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ. ನಾಲ್ಕು ಗಂಟೆ ದೂರದ ಇನ್ನೊಬ್ಬ ಡೀಲರ್ ಬರೆದ ಬೆಲೆಗೇ ಕೊಡುತ್ತೇನೆ, ಕಾಯಬೇಕು ಅಂದರು. ನಾಲ್ಕು ತಿಂಗಳು ಕಾದೆ. ಜುಲೈನಲ್ಲಿ ಕಡು ನೀಲಿ ಬಣ್ಣದ ಪ್ರೀಮಿಯಂ, ಆರು ಗೇರಿನ ಮ್ಯಾನುಯಲ್ ಮನೆಗೆ ಬಂತು.

ಬಂದ ದಿನವೇ ಮಾನ ಹೋಯಿತು. ನಾನು ಕಾರು ಕಲಿತದ್ದು ಸಕಲೇಶಪುರದಲ್ಲಿ, ಮಾರುತಿ ಓಮ್ನಿಯಲ್ಲಿ. ಅಮೆರಿಕಕ್ಕೆ ಬಂದು ಹದಿನೆಂಟು ವರ್ಷ ಆಟೊಮ್ಯಾಟಿಕ್. ಎಡಗಾಲು ನಿದ್ದೆ ಹೋಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಕೈಯದು. ಊರಲ್ಲಿ ಗೇರ್ ಹಾಕುವುದು ಎಡಗೈ, ಇಲ್ಲಿ ಬಲಗೈ. ಸಿಗ್ನಲ್ ಹಸಿರಾಯಿತು, ನನ್ನ ಎಡಗೈ ಹೋಗಿ ಬಾಗಿಲಿಗೆ ಬಡಿಯಿತು. ಎರಡು ಸಲ ಗಾಡಿ ಆಫ್. ಹಿಂದಿನ ಪಿಕಪ್ ಟ್ರಕ್ಕಿನವನು ಹಾರ್ನ್ ಮಾಡಲಿಲ್ಲ. ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ಒದ್ದಾಡುವ ನಡುವಯಸ್ಕನನ್ನು ನೋಡುವುದೇ ಅವನಿಗೆ ಸುಖ ಅಂತ ಕಾಣುತ್ತದೆ.

ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. 2.4 ಲೀಟರ್, ನಾಲ್ಕು ಸಿಲಿಂಡರ್, ಬಾಕ್ಸರ್ ಮಾದರಿ. ಪಿಸ್ಟನ್‌ಗಳು ನೆಟ್ಟಗೆ ನಿಂತಿರುವುದಿಲ್ಲ, ಎರಡು ಕಡೆ ಎರಡೆರಡು ಮಲಗಿಕೊಂಡು ಎದುರುಬದುರು ಗುದ್ದುತ್ತವೆ. ಎಂಜಿನ್ ಚಪ್ಪಟೆ, ಭಾರವೆಲ್ಲ ಕೆಳಗೆ. ಟರ್ಬೊ ಇಲ್ಲ. 7,000 ಆರ್‌ಪಿಎಂನಲ್ಲಿ 228 ಹಾರ್ಸ್‌ಪವರ್, 7,500ಕ್ಕೆ ಕೆಂಪು ಗೆರೆ. ಹಳೆಯ 2.0 ಲೀಟರ್ ಎಂಜಿನ್‌ಗೆ ಒಂದು ಕೆಟ್ಟ ಹೆಸರಿತ್ತು. ಸುಮಾರು 3,500ರಿಂದ 4,500ರ ನಡುವೆ ಪಿಕಪ್ ಮಲಗಿಬಿಡುತ್ತಿತ್ತು. ಓವರ್‌ಟೇಕ್ ಮಾಡುವಾಗ ಬೇಕಾಗುವುದೇ ಆ ಜಾಗ, ಅಲ್ವಾ? ಹೊಸದರಲ್ಲಿ 3,700ಕ್ಕೇ ಪೂರ್ತಿ ಟಾರ್ಕ್, ಅಂದರೆ ಎಳೆಯುವ ಬಲ, ಸಿಗುತ್ತದೆ. ಸ್ನೇಹಿತರೊಬ್ಬರ ಹತ್ತಿರ ಹಳೇ ಮಾಡೆಲ್ ಇದೆ. ಒಂದರ ಹಿಂದೆ ಒಂದು ಓಡಿಸಿ ನೋಡಿದರೆ ಹೊಂಡ ಮುಚ್ಚಿ ಡಾಂಬರು ಹಾಕಿದ ಹಾಗಿದೆ.

ಶೂನ್ಯದಿಂದ 60 ಮೈಲಿ ವೇಗಕ್ಕೆ 6.1 ಸೆಕೆಂಡ್ ಅಂತ ಕಂಪನಿ ಹೇಳುತ್ತದೆ. ಈಗಿನ ಎಲೆಕ್ಟ್ರಿಕ್ ಕಾರುಗಳ ಮುಂದೆ ಇದು ಏನೂ ಅಲ್ಲ. ಹಾಲು ತರಲು ಹೊರಟ ಟೆಸ್ಲಾ ಕೂಡ ಸಿಗ್ನಲ್‌ನಲ್ಲಿ ನನ್ನನ್ನು ಬಿಟ್ಟು ಹೋಗುತ್ತದೆ. ಮೊದಲ ತಿಂಗಳು ಅದು ಚುಚ್ಚುತ್ತಿತ್ತು. ಆಮೇಲೆ ಅರ್ಥವಾಯಿತು, ಈ ಕಾರಿನ ಮಜಾ ಇರುವುದು ನೇರ ರಸ್ತೆಯಲ್ಲಿ ಅಲ್ಲ. ತೂಕ ಸುಮಾರು 1,280 ಕೆಜಿ. ಈಗಿನ ಕಾಲಕ್ಕೆ ಇದು ಬಡಕಲು. ಫ್ರೀವೇಯಿಂದ ಇಳಿಯುವ ಸುತ್ತುದಾರಿ ಇದೆಯಲ್ಲ, ಅಲ್ಲಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ, ಮೈ ವಾಲುವುದಿಲ್ಲ. ಟಾರ್ಸೆನ್ ಡಿಫರೆನ್ಶಿಯಲ್ ಇದರಲ್ಲಿ ಮೊದಲಿಂದಲೇ ಬರುತ್ತದೆ. ತಿರುವಿನಲ್ಲಿ ಒಳಗಿನ ಚಕ್ರ ಹಗುರಾಗಿ ಸುಮ್ನೆ ತಿರುಗಲು ಹೊರಟರೆ, ನೆಲ ಕಚ್ಚಿದ ಚಕ್ರಕ್ಕೆ ಬಲ ಜಾಸ್ತಿ ಕಳಿಸುತ್ತದೆ. ಕಾಲಿಗೆ ಇದು ಗೊತ್ತಾಗುವುದಿಲ್ಲ, ಬೆನ್ನಿಗೆ ಗೊತ್ತಾಗುತ್ತದೆ. 35 ಮೈಲಿ ವೇಗದಲ್ಲೂ ಗೊತ್ತಾಗುತ್ತದೆ. ಪೊಲೀಸರಿಗೆ ದಂಡ ಕಟ್ಟದೆ ಪೂರ್ತಿ ಅನುಭವಿಸಬಹುದಾದ ಸ್ಪೋರ್ಟ್ಸ್ ಕಾರು ಇದೊಂದೇ ಇರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇಷ್ಟವಾಗದ ಸಂಗತಿಗಳೂ ಇವೆ. ಎಂಜಿನ್ ಸದ್ದಿಗೆ ಸ್ಪೀಕರ್‌ನಿಂದ ಇನ್ನಷ್ಟು ಸದ್ದು ಬೆರೆಸುತ್ತಾರೆ. ಗೊತ್ತಾಗುವವರೆಗೆ ಚೆನ್ನಾಗಿತ್ತು. ಗೊತ್ತಾದ ಮೇಲೆ ಮದುವೆ ಊಟದಲ್ಲಿ ಹೋಳಿಗೆಗೆ ಡಾಲ್ಡಾ ಹಾಕಿದ್ದಾರೆ ಅಂತ ತಿಳಿದ ಹಾಗೆ. ಟೈರಿನ ಸದ್ದು ಮಾತ್ರ ಅಪ್ಪಟ. ನಮ್ಮ ಕಡೆ ಐ-540 ಕಾಂಕ್ರೀಟ್ ರಸ್ತೆ. ಅದರ ಮೇಲೆ ಹೋಗುವಾಗ ಊರಿಂದ ಫೋನ್ ಬಂದರೆ "ಏನು? ಏನು?" ಅನ್ನುವುದರಲ್ಲೇ ದಾರಿ ಮುಗಿಯುತ್ತದೆ. ಪ್ರೀಮಿಯಂ ಪೆಟ್ರೋಲೇ ಹಾಕಬೇಕು. ನನಗೆ ಸಿಕ್ಕಿದ್ದು ಗ್ಯಾಲನ್‌ಗೆ ಸರಾಸರಿ 24 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 10 ಕಿಲೋಮೀಟರ್ ಚಿಲ್ಲರೆ. ಮಿನಿವ್ಯಾನ್‌ಗೆ ಹೋಲಿಸಿದರೆ ಬೇಜಾರಿಲ್ಲ.

ಚಳಿಗಾಲ ಇನ್ನೊಂದು ಪಾಠ. ಪ್ರೀಮಿಯಂ ಮಾಡೆಲ್‌ಗೆ ಬರುವುದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಬೇಸಿಗೆ ಟೈರು. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಇಂಥ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ. ಜನವರಿಯ ಒಂದು ಬೆಳಿಗ್ಗೆ ನಮ್ಮ ಬೀದಿಯ ತಿರುವಿನಲ್ಲಿ, ಎರಡನೇ ಗೇರಿನಲ್ಲಿ, ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಬಂತು. ಹೆಚ್ಚೇನೂ ಇಲ್ಲ, ಒಂದಡಿ. ಕೈ ತಾನೇ ಎದುರು ತಿರುಗಿಸಿತು. ಎದುರುಗಡೆ ಕಸದ ಡಬ್ಬಿ ಇಡಲು ಬಂದಿದ್ದ ನೆರೆಯವರು ನೋಡಿ ಹೆಬ್ಬೆರಳು ಎತ್ತಿದರು. ಬೇಕೆಂದೇ ಮಾಡಿದೆ ಅಂದುಕೊಂಡಿರಬೇಕು. ಬಾಗಿಲಿನ ಗಾಜಿಗೆ ಚೌಕಟ್ಟಿಲ್ಲ. ಬಾಗಿಲು ತೆಗೆದಾಗ ಗಾಜು ಒಂದು ಬೆರಳಿನಷ್ಟು ಕೆಳಗಿಳಿದು ಆಮೇಲೆ ಬಿಡಿಸಿಕೊಳ್ಳುತ್ತದೆ. ಮಂಜು ಹೆಪ್ಪುಗಟ್ಟಿದ ದಿನ ಗಾಜು ಇಳಿಯಲು ಒಲ್ಲೆ ಅನ್ನುತ್ತದೆ. ಅಂಗೈಯಿಂದ ತಟ್ಟಿ ಎಬ್ಬಿಸಬೇಕು.

ಇನ್ನು ಹಿಂದಿನ ಸೀಟು. ಅದನ್ನು ಸೀಟು ಅಂತ ಕರೆದದ್ದು ಯಾರೋ ಧಾರಾಳಿ. ನನ್ನ ಹಿಂದೆ ಕಾಲಿಡಲು ಜಾಗವೇ ಇಲ್ಲ. ಪಕ್ಕದ ಸೀಟನ್ನು ಮುಂದೆ ತಳ್ಳಿದರೆ ಅದರ ಹಿಂದೆ ಒಂಬತ್ತು ವರ್ಷದ ಮಗು ಆರಾಮಾಗಿ ಕೂರುತ್ತದೆ. ಎರಡನೇ ಹುಡುಗಿ ಕಾಲನ್ನು ಅಡ್ಡ ಹಾಕಿ ಕೂರಬೇಕು. ಈಜು ಕ್ಲಾಸಿಗೆ ಹನ್ನೆರಡು ನಿಮಿಷದ ದಾರಿ, ಇಬ್ಬರಿಗೂ ಅದೇ ಆಟ. ನಾಲ್ವರೂ ಒಟ್ಟಿಗೆ ಕೂತದ್ದು ಒಂದೇ ಸಲ. ಅಪ್ಪ ಬಂದ ವಾರ, ಮಿನಿವ್ಯಾನ್ ಸರ್ವಿಸ್‌ಗೆ ಹೋಗಿತ್ತು. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟೆವು. ಹೆಂಡತಿ ನನ್ನ ಹಿಂದೆ, ಕತ್ತು ಬಗ್ಗಿಸಿಕೊಂಡು. ಇಳಿದಾಗ ಅವಳು ಮುಡಿದಿದ್ದ ಹೂವು ಹಿಂದಿನ ಗಾಜಿಗೆ ಒತ್ತಿ ಚಪ್ಪಟೆಯಾಗಿತ್ತು. ಅವಳು ಏನೂ ಅನ್ನಲಿಲ್ಲ. ಅದು ಅನ್ನುವುದಕ್ಕಿಂತ ಜಾಸ್ತಿ.

ಪ್ರಕರಣದ ಕಷ್ಟದ ಭಾಗ ಅಪ್ಪ. ಅಥವಾ ನಾನು ಹಾಗೆ ಅಂದುಕೊಂಡಿದ್ದೆ. ಅವರಿಗೆ 72, ಮಂಡಿನೋವು. ಕಾರಿನ ಎತ್ತರ ನಾಲ್ಕಡಿ ನಾಲ್ಕಂಗುಲವೂ ಇಲ್ಲ. ಮೊದಲ ದಿನ ತಲೆ ಒಳಗೆ ಹಾಕಿ ಹತ್ತಲು ಹೋಗಿ ಸಿಕ್ಕಿಕೊಂಡರು. ಎರಡನೇ ದಿನ ಅವರೇ ದಾರಿ ಕಂಡುಕೊಂಡರು. ಬೆನ್ನು ಮಾಡಿ ನಿಂತು, ಮೊದಲು ಕೂರುವುದು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. "ಮನೆ ಜಗಲಿ ಮೇಲೆ ಕೂತ ಹಾಗೆ" ಅಂದರು. ಇಳಿಯುವಾಗ ಮಾತ್ರ ನನ್ನ ಕೈ ಬೇಕು.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಹಾಸನ–ಮಂಗಳೂರು ರೂಟು, ಶಿರಾಡಿ ಘಾಟಿ. ಮಳೆಗಾಲದಲ್ಲಿ ಟ್ಯಾಂಕರ್‌ಗಳ ಹಿಂದೆ ತೆವಳಿಕೊಂಡು ಮೂವತ್ತು ವರ್ಷ. ಇಲ್ಲಿ ಅವರು ಕೂರುವುದು ಬಲಗಡೆ. ಅಂದರೆ ಊರಲ್ಲಿ ಡ್ರೈವರ್ ಕೂರುವ ಕಡೆ, ಸ್ಟೀರಿಂಗ್ ಇಲ್ಲದೆ. ನಾನು ಬ್ರೇಕ್ ಹಾಕುವ ಅರ್ಧ ಸೆಕೆಂಡ್ ಮೊದಲು ಅವರ ಬಲಗಾಲು ನೆಲವನ್ನು ಒತ್ತುತ್ತದೆ. ಕಾಲು ಒತ್ತಿ ನಾನು ಒತ್ತದಿದ್ದರೆ ಒಂದು ಸಣ್ಣ ಕೆಮ್ಮು.

ಮೇ ತಿಂಗಳಲ್ಲಿ ಇಬ್ಬರೇ ಬೆಟ್ಟಸಾಲಿನ ಮೇಲಿನ ರಸ್ತೆಯಾದ ಬ್ಲೂ ರಿಡ್ಜ್ ಪಾರ್ಕ್‌ವೇಗೆ ಹೋದೆವು. ಮನೆಯಿಂದ ಮೂರು ಗಂಟೆ. ಟೆನೆಸಿ ಗಡಿಯ ಟೇಲ್ ಆಫ್ ದಿ ಡ್ರ್ಯಾಗನ್ ಹೆಚ್ಚು ಹೆಸರುವಾಸಿ, 11 ಮೈಲಿಗೆ 318 ತಿರುವು. ಆದರೆ ಅಲ್ಲಿ ವಾರಾಂತ್ಯಕ್ಕೆ ಜಾತ್ರೆ. ಪಾರ್ಕ್‌ವೇ 469 ಮೈಲಿ ಉದ್ದ, ವೇಗದ ಮಿತಿ ಹೆಚ್ಚೆಂದರೆ 45, ಲಾರಿಗಳಿಗೆ ಪ್ರವೇಶವೇ ಇಲ್ಲ. ಇದನ್ನು ಹೇಳಿದಾಗ ಅಪ್ಪ, "ಲಾರಿ ಇಲ್ದೇ ಇರೋದು ಅದ್ಯಾವ ಸೀಮೆ ಘಾಟಿ ಕಣೋ?" ಅಂದರು.

ಬ್ಲೋಯಿಂಗ್ ರಾಕ್ ಊರು ದಾಟಿದ ಮೇಲೆ ಲಿನ್ ಕೋವ್ ವಯಾಡಕ್ಟ್ ಬರುತ್ತದೆ. ಗ್ರ್ಯಾಂಡ್‌ಫಾದರ್ ಬೆಟ್ಟದ ಮೈಗೆ ತಾಗದ ಹಾಗೆ ಹಾವಿನಂತೆ ಬಳುಕುವ 1,243 ಅಡಿ ಸೇತುವೆ. ಪಾರ್ಕ್‌ವೇಯ ಉಳಿದ ಭಾಗವೆಲ್ಲ ಮುಗಿದ ಮೇಲೆ 1987ರಲ್ಲಿ ಇದು ತೆರೆದದ್ದು. ಅಪ್ಪ ಕಿಟಕಿ ಇಳಿಸಿ ಕೆಳಗೆ ನೋಡಿದರು. "ಬೆಟ್ಟ ಕಡೀದೇ ರಸ್ತೆ ಮಾಡಿದಾರಲ್ಲ" ಅಂದರು. ಮಳೆಗಾಲಕ್ಕೊಮ್ಮೆ ಗುಡ್ಡ ಕುಸಿಯುವ ರಸ್ತೆಯಲ್ಲಿ ನೌಕರಿ ಮಾಡಿದವರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಇಳಿಜಾರಿನಲ್ಲಿ ಕೆಮ್ಮು ಶುರುವಾಯಿತು. ನಾನು ನಾಲ್ಕನೇ ಗೇರಿನಲ್ಲಿ ಬ್ರೇಕ್ ಹಿಡಿದುಕೊಂಡು ಇಳಿಯುತ್ತಿದ್ದೆ. "ಹತ್ತುವಾಗ ಯಾವ ಗೇರಿತ್ತು?" ಅಂತ ಕೇಳಿದರು. ಮೂರು ಅಂದೆ. "ಇಳಿಯುವಾಗಲೂ ಮೂರೇ. ಬ್ರೇಕ್ ಇರೋದು ನಿಲ್ಲಿಸೋಕೆ." ಮೂರಕ್ಕೆ ಹಾಕಿದೆ. ಗಾಡಿ ಒಂದು ಸಲ ಜಗ್ಗಿತು. "ರೇಸ್ ಕೊಟ್ಟು ಹಾಕೋ. ಗೇರ್ ಬಾಕ್ಸ್ ಏನು ನಿಮ್ಮಪ್ಪಂದಾ?" ಅಂದು ಅವರೇ ನಕ್ಕರು. ಮುಂದಿನ ಮೂರು ತಿರುವಿನಲ್ಲಿ ಕ್ಲಚ್ ಒತ್ತಿದಾಗ ಸ್ವಲ್ಪ ರೇಸ್ ಕೊಟ್ಟು ಗೇರ್ ಇಳಿಸಿದೆ. ಮೂರನೆಯದು ಬೆಣ್ಣೆ ಹಾಗೆ ಕೂತಿತು. ಈ ಕಾರಿನಲ್ಲಿ ತಾನೇ ರೇಸ್ ಕೊಡುವ ಎಲೆಕ್ಟ್ರಾನಿಕ್ಸ್ ಇಲ್ಲ. ಅದಕ್ಕೇ ಸರಿಯಾಗಿ ಕೂತಾಗ ಅದು ನಿಮ್ಮದೇ ಕೆಲಸ. ಒಂಬತ್ತು ತಿಂಗಳು ಓಡಿಸಿಯೂ ನನಗೆ ಇದು ಗೊತ್ತಿರಲಿಲ್ಲ. ಕಾರಿನ ಅರ್ಧ ರುಚಿ ಅವತ್ತು ಸಿಕ್ಕಿತು.

ಜೂನ್‌ನಲ್ಲಿ ಟ್ರ್ಯಾಕ್. ಈ ಕಾರು ಕೊಂಡವರಿಗೆ ಟೊಯೋಟ ನಾಸಾದ ಒಂದು ವರ್ಷದ ಸದಸ್ಯತ್ವ ಮತ್ತು ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸುವ ಅವಕಾಶವನ್ನು ಉಚಿತವಾಗಿ ಕೊಡುತ್ತದೆ. ಇದು ರಾಕೆಟ್ ನಾಸಾ ಅಲ್ಲ, ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್. ಅಪ್ಪ ಸಕಲೇಶಪುರಕ್ಕೆ ಫೋನ್ ಮಾಡಿ "ಮಗನ್ನ ನಾಸಾದೋರು ಕರೆದಿದಾರೆ" ಅಂದಾಗ ನಾನು ತಿದ್ದಲಿಲ್ಲ. ವರ್ಷ ಮುಗಿಯುವುದರೊಳಗೆ ಬಳಸಬೇಕಿತ್ತು. ಬ್ರೇಕ್ ಆಯಿಲ್ ಬದಲಿಸಿದೆ, ಸ್ನೆಲ್ ಸುರಕ್ಷತಾ ಮುದ್ರೆಯ ಹೆಲ್ಮೆಟ್ ತಂದೆ, ಕಾರನ್ನು ತಪಾಸಣೆ ಮಾಡಿಸಿದೆ. ಮಾಮೂಲಿ ಇನ್ಶೂರೆನ್ಸ್ ಟ್ರ್ಯಾಕ್ ಮೇಲೆ ಆದ ಹಾನಿಗೆ ಸಾಮಾನ್ಯವಾಗಿ ಬರುವುದಿಲ್ಲ. ಇದನ್ನು ಮನೆಯಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಜಾಗ ವರ್ಜೀನಿಯಾ ಇಂಟರ್‌ನ್ಯಾಷನಲ್ ರೇಸ್‌ವೇ. 1957ರಲ್ಲಿ ಶುರುವಾದ ಟ್ರ್ಯಾಕು. ಪೂರ್ತಿ ಸುತ್ತು 3.27 ಮೈಲಿ, 17 ತಿರುವು. ಸುತ್ತ ಹಸಿರು ಗುಡ್ಡ, ನಮ್ಮ ಕಡೆಯ ಕಾಫಿ ತೋಟದ ನೆನಪು ತರುವ ಜಾಗ. ಹೊಸಬರ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂರುತ್ತಾರೆ. ಓವರ್‌ಟೇಕ್ ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವರು ಕಿಟಕಿಯಿಂದ ಕೈ ಹಾಕಿ ತೋರಿಸಿದ ಮೇಲೆ. ನಮ್ಮ ಘಾಟಿಯ ಲಾರಿಯವರು ಕೈ ಬೀಸಿ ದಾರಿ ಕೊಡುತ್ತಾರಲ್ಲ, ಅದೇ. ಕ್ಲೈಂಬಿಂಗ್ ಎಸ್ಸಸ್ ಅಂತ ಏರುತ್ತಾ ಎಡ-ಬಲ ಹೊರಳುವ ಒಂದು ಭಾಗ ಇದೆ. ಅಲ್ಲಿ ಮೊದಲ ಸುತ್ತಿಗೆ ನಾನು ಉಸಿರು ಬಿಟ್ಟ ನೆನಪಿಲ್ಲ. ನಾಲ್ಕನೇ ಸೆಷನ್ ಹೊತ್ತಿಗೆ ಇನ್‌ಸ್ಟ್ರಕ್ಟರ್ ಮಾತು ನಿಲ್ಲಿಸಿದ್ದರು. ಹೊಗಳಿಕೆ ಅಂತ ತಗೊಂಡೆ. ನನ್ನನ್ನು ದಾಟಿ ಹೋದ ಕಾರುಗಳ ಲೆಕ್ಕ ಇಡಲಿಲ್ಲ. ಆದರೆ ನೇರ ದಾರಿಯಲ್ಲಿ ದಾಟಿದ ದೊಡ್ಡ ಕಾರುಗಳು ತಿರುವಿನಲ್ಲಿ ಮತ್ತೆ ನನ್ನ ಮೂಗಿನ ಮುಂದೆ ಬಂದು ನಿಲ್ಲುತ್ತಿದ್ದವು.

ಊಟದ ಹೊತ್ತಿಗೆ ಇನ್‌ಸ್ಟ್ರಕ್ಟರ್ ಹೀಲ್-ಅಂಡ್-ಟೋ ಹೇಳಿಕೊಟ್ಟರು. ಬಲಗಾಲಿನ ಮುಂಭಾಗ ಬ್ರೇಕ್ ಮೇಲೆ, ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್‌ಗೆ ಒಂದು ತಟ್ಟು, ಎಡಗಾಲಲ್ಲಿ ಕ್ಲಚ್, ಗೇರ್ ಕೆಳಗೆ. ಅಪ್ಪ ಮಡಿಸುವ ಕುರ್ಚಿಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತಾ ಅವರ ಕಾಲನ್ನೇ ನೋಡುತ್ತಿದ್ದರು. "ಇದು ನಮ್ಮ ಡಬಲ್ ಕ್ಲಚ್ ಕಣೋ. ಬ್ರೇಕ್ ಒಂದು ಸೇರಿಸಿದಾರೆ, ಅಷ್ಟೆ" ಅಂದರು. ಗೇರಿನ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇಲ್ಲದ ಹಳೇ ಬಸ್ಸುಗಳಲ್ಲಿ ಗೇರ್ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕಿತ್ತು. ಇಲ್ಲದಿದ್ದರೆ ಗೇರ್ ಕಿರುಚುತ್ತಿತ್ತು. ಇದನ್ನು ಇನ್‌ಸ್ಟ್ರಕ್ಟರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದು ಬಂದು ಅಪ್ಪನ ಪಕ್ಕ ಕುರ್ಚಿ ಹಾಕಿಕೊಂಡರು. ಚಿತ್ರಾನ್ನ ಅವರಿಗೂ ಹೋಯಿತು. ನನಗೆ ಡಬ್ಬಿಯ ತಳದಲ್ಲಿದ್ದ ಕಡಲೆಬೀಜ ಸಿಕ್ಕಿತು.

ಮನೆಯವಳ ಎರಡನೇ ಪ್ರಶ್ನೆಗೆ ಇಲ್ಲಿಗೆ ಉತ್ತರ ಸಿಕ್ಕಿತು ಅನ್ನಬಹುದು. ಆ ಆರು ತಿಂಗಳು ಮಿನಿವ್ಯಾನ್ ಕೀ ಕೊಟ್ಟರೂ ಅಪ್ಪ ಹೋಗಿ ನಿಲ್ಲುತ್ತಿದ್ದುದು ನೀಲಿ ಕಾರಿನ ಬಲಬಾಗಿಲ ಹತ್ತಿರ. ಮೊದಲ ಪ್ರಶ್ನೆಯನ್ನು ಅವಳು ಮತ್ತೆ ಕೇಳಿಲ್ಲ, ನಾನೂ ನೆನಪಿಸಿಲ್ಲ. ಯಾರಾದರೂ ಸಲಹೆ ಕೇಳಿದರೆ ಹೀಗೆ ಹೇಳುತ್ತೇನೆ: ಮನೆಗೆ ಇದೊಂದೇ ಕಾರು ಅಂತಾದರೆ ಬೇಡ. ಮಕ್ಕಳು ಹನ್ನೆರಡು ದಾಟಿದ್ದರೂ ಬೇಡ. ಮಗಳ ಮಂಡಿ ಈಗಾಗಲೇ ಮುಂದಿನ ಸೀಟಿನ ಬೆನ್ನಿಗೆ ತಾಗಲು ಎರಡು ಬೆರಳು ಬಾಕಿ. ಮ್ಯಾನುಯಲ್ ಬೇಡ ಅನ್ನುವವರು ಆಟೊಮ್ಯಾಟಿಕ್ ಜಿಆರ್86 ಕೊಳ್ಳುವ ಬದಲು ಬೇರೆ ಏನಾದರೂ ಕೊಳ್ಳಲಿ. 2022ರ ಮ್ಯಾನುಯಲ್‌ನಲ್ಲಿ ತಾನೇ ಬ್ರೇಕ್ ಹಾಕುವ ಐಸೈಟ್ ವ್ಯವಸ್ಥೆ ಇರಲಿಲ್ಲ, 2024ರ ಮಾಡೆಲ್‌ನಿಂದ ಅದಕ್ಕೂ ಬಂದಿದೆ. ಅದು ಬೇಕಿದ್ದವರು ಹಳೆಯದು ನೋಡಬೇಡಿ.

ಅಪ್ಪ ಊರಿಗೆ ಹೋದ ಮೇಲೆ ಭಾನುವಾರ ಫೋನ್ ಮಾಡುತ್ತಾರೆ. ಮೊದಲು ಮೊಮ್ಮಗಳು, ಆಮೇಲೆ ಕಾರು, ನಾನು ಮೂರನೆಯವನು. ಹೋದ ವಾರ, ಟ್ರ್ಯಾಕಿನಿಂದ ಹಿಂದಿನ ಟೈರು ಜಾಸ್ತಿ ಸವೆದಿದೆ ಅಂದೆ.

"ನಾಲ್ಕೂ ಒಂದೇ ಸೈಜಾ?"

ಹೌದು ಅಂದೆ. 215/40, 18 ಇಂಚು, ನಾಲ್ಕೂ ಅದೇ.

"ಮತ್ತೆ ಹಿಂದಿಂದು ಮುಂದೆ ಹಾಕೋಕೇನು ರೋಗ?"